ಆಚಾರ್ಯಕಲಹವೂ ತದ್ವಿದ್ಯಸಂಭಾಷೆಯೂ

೧

ಕಾಳಿದಾಸನ ನಾಟಕತ್ರಯದಲ್ಲಿ ಮಾಳವಿಕಾಗ್ನಿಮಿತ್ರವು ಕಿರಿಯದೆಂದೂ, ಶಾಕುಂತಲದ ಗಾಂಭೀರ್ಯವು ಅದರಲ್ಲಿ ಕಾಣದೆಂದೂ ವಿಮರ್ಶಕರು ಹೇಳುವ ವಾಡಿಕೆಯುಂಟು. ಅದರ ಮೊದಲೆರಡು ಅಂಕಗಳಲ್ಲಿ ನಡೆಯುವ ನಾಟ್ಯಾಚಾರ್ಯರ ಕಲಹವನ್ನಂತೂ ಮಾಳವಿಕೆಯನ್ನು ರಾಜನ ಕಣ್ಣಿಗೆ ಬೀಳಿಸುವುದಕ್ಕಾಗಿ ವಿದೂಷಕನು ಹೂಡಿದ ಉಪಾಯವೆಂದಷ್ಟೇ ಎಣಿಸಿ ಮುಂದೆ ಸಾಗುವವರೇ ಹೆಚ್ಚು. ಕಥಾಸಂವಿಧಾನದ ದೃಷ್ಟಿಯಿಂದ ಇದು ಸರಿಯೇ. ಆದರೆ ವಿದ್ಯೆಯನ್ನು ಕಲಿಸುವುದನ್ನೇ ವೃತ್ತಿಯಾಗಿ ಉಳ್ಳವರು ಆ ಭಾಗವನ್ನು ಓದಿದರೆ ಅಲ್ಲಿ ಬೇರೊಂದು ಪ್ರಶ್ನೆಯು ತಲೆಯೆತ್ತುತ್ತದೆ. ಒಂದೇ ವಿದ್ಯೆಯನ್ನು ಕಲಿಸುವ ಇಬ್ಬರು ಒಂದೆಡೆ ಸೇರಿದಾಗ ಅವರ ಮಾತು ಯಾವುದರ ಮೇಲೆ ನಡೆಯತಕ್ಕದ್ದು? ಶಿಷ್ಯನ ಕಲಿಕೆಯ ಮೇಲೋ, ಗುರುಗಳ ಸ್ಥಾನದ ಮೇಲೋ?

ಈ ಪ್ರಶ್ನೆಯು ಕೇವಲ ಗ್ರಂಥಗತವಾದುದಲ್ಲ. ಗುಬ್ಬಿಯ ತಾಲ್ಲೂಕಿನ ಸಿ.ಎಸ್. ಪುರದಂತಹ ಹೋಬಳಿಯ ಕೇಂದ್ರದಲ್ಲಿ ಸುತ್ತಣ ಹಳ್ಳಿಗಳ ಉಪಾಧ್ಯಾಯರು ಸಮಾಲೋಚನೆಗೆಂದು ಕಲೆತಾಗಲೆಲ್ಲ ಇದೇ ಪ್ರಶ್ನೆಯು ಅವರೆದುರು ನಿಲ್ಲುತ್ತದೆ. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸರು ವಿದ್ಯಾ ಇಲಾಖೆಯಲ್ಲಿದ್ದ ಕಾಲದಲ್ಲಿ, ೧೮೬೮ರ ಸುಮಾರಿಗೆ, ಹೋಬಳಿ ಶಾಲೆಗಳ ಯೋಜನೆಯು ಜಾರಿಗೆ ಬಂದಿತು. ಅಂದಿನಿಂದ ಈ ಸೀಮೆಯ ಹಳ್ಳಿಗಳಲ್ಲಿ ಶಾಲೆಗಳು ಹೆಚ್ಚುತ್ತ ಬಂದಿವೆ. ಆದರೆ ಒಂದು ಶಾಲೆಯ ಉಪಾಧ್ಯಾಯನ ಅನುಭವವು ಮತ್ತೊಂದು ಶಾಲೆಯವನಿಗೆ ಹೇಗೆ ದೊರೆಯಬೇಕೆಂಬುದು ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಪ್ರಾಚೀನ ಗ್ರಂಥಗಳೂ ನಮ್ಮ ನಾಡಿನ ಐತಿಹ್ಯಗಳೂ ಈ ವಿಷಯದಲ್ಲಿ ಏನನ್ನು ಸೂಚಿಸುತ್ತವೆಂಬುದೇ ಪ್ರಕೃತ ವಿಚಾರ.

೨

ಮೊದಲು ನಾಟಕವನ್ನು ನೋಡತಕ್ಕದ್ದು. ಗಣದಾಸನು ರಾಣಿ ಧಾರಿಣಿಯ ಆಶ್ರಯದಲ್ಲಿರುವ ನಾಟ್ಯಾಚಾರ್ಯ. ಮಾಳವಿಕೆ ಅವನ ಶಿಷ್ಯೆ. ಹರದತ್ತನು ರಾಜನ ಕಡೆಯ ಆಚಾರ್ಯ. ಇವರಿಬ್ಬರೂ ಜಗಳವಾಡುತ್ತ ಅಗ್ನಿಮಿತ್ರನ ಬಳಿಗೆ ಬರುತ್ತಾರೆ. ತಾನು ಹರದತ್ತನ ಕಾಲಧೂಳಿಗೂ ಸಮನಲ್ಲವೆಂದು ಅವನು ಹತ್ತು ಜನರೆದುರಿಗೆ ಹಳಿದನೆಂದು ಗಣದಾಸನ ದೂರು. ಮೊದಲು ನಿಂದಿಸಿದವನು ಗಣದಾಸನೇ, ತಮ್ಮಿಬ್ಬರಿಗೂ ಸಮುದ್ರಕ್ಕೂ ಹೊಂಡಕ್ಕೂ ಇರುವಷ್ಟು ಅಂತರವಿದೆಯೆಂದು ಆಡಿದನೆಂದು ಹರದತ್ತನ ಪ್ರತಿದೂರು. ಒಂದು ಹಸ್ತದ ವಿಷಯವಾಗಲಿ, ಒಂದು ಗತಿಯ ವಿಷಯವಾಗಲಿ, ಶಿಷ್ಯಳೊಬ್ಬಳು ಎಲ್ಲಿ ಎಡವಿದಳೆಂಬ ವಿಷಯವಾಗಲಿ ಈ ಕಲಹದಲ್ಲಿ ಬರುವುದೇ ಇಲ್ಲ. ವಿದೂಷಕನು ಇದನ್ನು ಟಗರುಗಳ ಕಾಳಗಕ್ಕೆ ಹೋಲಿಸಿ, ಈ ಕಾಳಗವನ್ನು ನೋಡದಿದ್ದರೆ ಇವರಿಗೆ ಸಂಬಳವನ್ನು ಕೊಡುವುದೇತಕ್ಕೆಂದು ಕೇಳುತ್ತಾನೆ. ಹಾಸ್ಯವು ಕಟುವಾಗಿದ್ದರೂ ಸುಳ್ಳಲ್ಲ. ಕಾಳಗದಿಂದ ಟಗರಿಗೆ ಬರುವ ಲಾಭವೇನೂ ಇಲ್ಲ, ಲಾಭವೆಲ್ಲ ನೋಡುವವರದು. ಈ ನಾಟಕದಲ್ಲಿಯೂ ಕಲಹದಿಂದ ಪ್ರಯೋಜನವನ್ನು ಪಡೆದವನು ರಾಜನೊಬ್ಬನೇ.

ಮಧ್ಯಸ್ಥೆಯಾದ ಪರಿವ್ರಾಜಿಕೆಯ ಮಾತುಗಳಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ನಾಟ್ಯವು ಪ್ರಯೋಗಪ್ರಧಾನವಾದ ಶಾಸ್ತ್ರ. ಆದುದರಿಂದ ಬಾಯಿಮಾತಿನ ವಾದದಿಂದ ಫಲವಿಲ್ಲ, ಶಿಷ್ಯರ ಪ್ರಯೋಗವನ್ನೇ ನೋಡಬೇಕೆಂಬುದು ಮೊದಲನೆಯದು. ಎಲ್ಲವನ್ನೂ ಬಲ್ಲವನಾದರೂ ಒಬ್ಬನೇ ಕುಳಿತು ತೀರ್ಪುಕೊಡುವುದು ದೋಷಕ್ಕೆ ಎಡೆಯಾಗುವುದೆಂಬುದು ಎರಡನೆಯದು. ಒಬ್ಬನಲ್ಲಿ ವಿದ್ಯೆಯು ತನ್ನೊಳಗೇ ಚೆನ್ನಾಗಿ ನೆಲೆಸಿರುತ್ತದೆ, ಮತ್ತೊಬ್ಬನಿಗೆ ಅದನ್ನು ಪರರಿಗೆ ದಾಟಿಸುವ ಶಕ್ತಿಯು ವಿಶೇಷವಾಗಿರುತ್ತದೆ, ಎರಡೂ ಉಳ್ಳವನನ್ನು ಶಿಕ್ಷಕರಲ್ಲಿ ಅಗ್ರಸ್ಥಾನದಲ್ಲಿ ನಿಲ್ಲಿಸಬೇಕೆಂಬುದು ಮೂರನೆಯದು. ಈ ಮೂರನೆಯ ಮಾತು ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರಿಗೆಲ್ಲ ಕಂಠಸ್ಥವಾಗಿರುವ ಶ್ಲೋಕದ ಅಭಿಪ್ರಾಯ. ಅದನ್ನು ಗುರುಲಕ್ಷಣವೆಂದು ಉದಾಹರಿಸುವವರು ಬಹುಮಂದಿ. ಅದರ ತರ್ಕವನ್ನು ಪರೀಕ್ಷಿಸಿದವರು ವಿರಳ.

ಪರೀಕ್ಷಿಸಿದರೆ ಕಾಣುವುದೇನೆಂದರೆ, ಅದರ ಪೂರ್ವಾರ್ಧವು ನಿರ್ದುಷ್ಟವಾಗಿದೆ. ಸಿದ್ಧಾಂತವು ಮಾತ್ರ ಆಸ್ಥಾನಕ್ಕೆ ತಕ್ಕುದಾಗಿದೆ. ಜ್ಞಾನವೂ ಬೋಧನಶಕ್ತಿಯೂ ಒಬ್ಬನಲ್ಲಿಯೇ ಸಮನಾಗಿ ಸೇರುವುದು ಅಪೂರ್ವವೆಂಬುದು ಅನುಭವಸಿದ್ಧ. ಅಂಥವನನ್ನು ಆರಿಸಿ ಮೇಲುಗದ್ದುಗೆಯಲ್ಲಿ ಕೂರಿಸುವುದು ಅರಮನೆಗೆ ಸಾಕು; ಅಲ್ಲಿ ಬೇಕಾದವನು ಒಬ್ಬನೇ. ಆದರೆ ಅದೇ ಪೂರ್ವಾರ್ಧದಿಂದ ಇನ್ನೊಂದು ಸಿದ್ಧಾಂತವನ್ನೂ ಮಾಡಬಹುದು. ಒಬ್ಬನಲ್ಲಿ ಒಂದು, ಮತ್ತೊಬ್ಬನಲ್ಲಿ ಮತ್ತೊಂದು ಇರುವ ಪಕ್ಷದಲ್ಲಿ ಇಬ್ಬರೂ ಕೂಡಿ ಕುಳಿತರೆ ಶಿಷ್ಯನಿಗೆ ಎರಡೂ ದೊರೆಯುತ್ತವೆ. ಈ ಎರಡನೆಯ ಸಿದ್ಧಾಂತವು ಆ ಸಭೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಗಣದಾಸನು ಹರದತ್ತನಿಂದ ಏನನ್ನಾದರೂ ಕಲಿಯಬಹುದೆಂದು ರಾಜನಾಗಲಿ ರಾಣಿಯಾಗಲಿ ಪರಿವ್ರಾಜಿಕೆಯಾಗಲಿ ಹೇಳುವುದಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಅಂಶವೊಂದಿದೆ. ಕಲಹಕ್ಕೆ ಮೊದಲು, ಪ್ರಥಮಾಂಕದ ಆದಿಯಲ್ಲಿ, ಗಣದಾಸನು ಬಕುಲಾವಳಿಕೆಯೆಂಬ ಪರಿಚಾರಿಕೆಯೊಡನೆ ಮಾತನಾಡುತ್ತಾನೆ. ತಾನು ಕಲಿಸಿದ ಒಂದೊಂದು ಭಾವವನ್ನೂ ಮಾಳವಿಕೆಯು ಮತ್ತಷ್ಟು ವಿಶೇಷಗೊಳಿಸಿ ತೋರಿಸುವುದರಿಂದ ಆ ಬಾಲೆಯೇ ತನಗೆ ಮರಳಿ ಉಪದೇಶಿಸುವಂತಿದೆಯೆಂದು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಗುರುವು ಶಿಷ್ಯಳನ್ನು ಕಣ್ಣಿಟ್ಟು ನೋಡಿ ತಾನೇ ಕಲಿತುದಕ್ಕೆ ಇದಕ್ಕಿಂತ ಸುಂದರವಾದ ಸಾಕ್ಷ್ಯವು ಕಾವ್ಯಗಳಲ್ಲಿ ದೊರೆಯುವುದು ಕಷ್ಟ. ಹರದತ್ತನೊಡನೆ ಆಡಬೇಕಾಗಿದ್ದ ಮಾತು ಇದೇ. ಆದರೆ ಪರಿಚಾರಿಕೆಯ ಮುಂದೆ ನಿಸ್ಸಂಕೋಚವಾಗಿ ಹೊರಬಂದ ಮಾತು ಸಹೋದ್ಯೋಗಿಯ ಮುಂದೆ ಹೊರಡಲಿಲ್ಲ. ಅಲ್ಲಿ ಹೊರಟುದು ಸಮುದ್ರ ಮತ್ತು ಹೊಂಡಗಳ ಮಾತು.

೩

ಶಾಸ್ತ್ರಕಾರರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಒಂದೇ ವಿದ್ಯೆಯನ್ನು ಬಲ್ಲವರು ಪರಸ್ಪರ ಮಾಡುವ ಮಾತುಕತೆಗೆ ತದ್ವಿದ್ಯಸಂಭಾಷೆಯೆಂದು ಹೆಸರಿಟ್ಟು, ಅದನ್ನು ಸಂಧಾಯಸಂಭಾಷೆ, ವಿಗೃಹ್ಯಸಂಭಾಷೆ ಎಂದು ಎರಡಾಗಿ ವಿಭಾಗಿಸಿದೆ. ಕೂಡಿ ಆಡುವ ಮಾತು ಒಂದು, ಎದುರು ನಿಂತು ಆಡುವ ಮಾತು ಮತ್ತೊಂದು. ಕೋಪವಿಲ್ಲದವನು, ಅಸೂಯೆಯಿಲ್ಲದವನು, ಶ್ರಮವನ್ನು ಸಹಿಸುವವನು, ಪ್ರಿಯವಾಗಿ ಮಾತನಾಡುವವನು ಇಂಥವನೊಡನೆ ಮೊದಲನೆಯದು ಸಲ್ಲುತ್ತದೆ. ಅವನನ್ನು ನಂಬಿಕೆಯಿಂದ ಕೇಳಬೇಕು, ಕೇಳಿದರೆ ವಿಶದವಾಗಿ ಹೇಳಬೇಕು, ಸೋಲಿಗೆ ಹೆದರಬಾರದು, ಗೆದ್ದೆನೆಂದು ಹಿಗ್ಗಬಾರದು, ಬೇರೆಯವರ ಮುಂದೆ ಜಂಬಕೊಚ್ಚಬಾರದು, ತಿಳಿಯದುದನ್ನು ವರ್ಣಿಸಬಾರದು ಎಂದು ಅಲ್ಲಿ ವಿಧಿಸಿದೆ. ಇದನ್ನು ಬರೆದವರು ವೈದ್ಯರೆಂಬುದನ್ನು ಮರೆಯಬಾರದು. ಅವರ ಮಾತಿನ ನಡುವೆ ರೋಗಿಯೊಬ್ಬನು ಮಲಗಿದ್ದಾನೆ. ಯಾವ ವೈದ್ಯನು ಗೆದ್ದನೆಂಬುದರಿಂದ ಆ ರೋಗಿಗೆ ಜ್ವರವಿಳಿಯುವುದಿಲ್ಲ.

ನ್ಯಾಯಸೂತ್ರಕಾರನಾದ ಗೌತಮನೂ ಇದನ್ನೇ ಅನುಮೋದಿಸುತ್ತಾನೆ. (ಕಾಳಿದಾಸನ ವಿದೂಷಕನಿಗೂ ಗೌತಮನೆಂದೇ ಹೆಸರು, ಸಾಮ್ಯವು ಹೆಸರಿನಲ್ಲಿ ಮಾತ್ರ.) ನಾಲ್ಕನೆಯ ಅಧ್ಯಾಯದಲ್ಲಿ ಆತನು ತತ್ತ್ವಜ್ಞಾನದ ಪರಿಪಾಕಕ್ಕಾಗಿ ಆ ವಿದ್ಯೆಯನ್ನು ಬಲ್ಲವರೊಡನೆ ಸಂವಾದವನ್ನು ವಿಧಿಸಿ, ಶಿಷ್ಯ, ಗುರು, ಸಹಪಾಠಿ, ಶ್ರೇಷ್ಠ, ಶ್ರೇಯೋರ್ಥಿ ಇವರಲ್ಲಿ ಯಾರಾದರೂ ಆಗಬಹುದು, ಆದರೆ ಅಸೂಯೆಯಿಲ್ಲದವರಾಗಿರಬೇಕೆಂದು ನಿಯಮಿಸುತ್ತಾನೆ. ಈ ಪಟ್ಟಿಯಲ್ಲಿ ಶಿಷ್ಯನೂ ಸೇರಿರುವುದನ್ನು ಗಮನಿಸತಕ್ಕದ್ದು. ಮಾಳವಿಕೆಯಿಂದ ಗಣದಾಸನು ಕಲಿತುದು ಶಾಸ್ತ್ರಸಮ್ಮತವೇ ಆಗಿದೆ.

ಇಲ್ಲಿ ಒಂದು ಆಕ್ಷೇಪವು ಹುಟ್ಟುತ್ತದೆ. ಸ್ಪರ್ಧೆಯಿಂದಲೂ ವಿದ್ಯೆಯು ಬೆಳೆಯುವುದಿಲ್ಲವೇ? ಗುರುವು ಸೇವಾನಿರತನಾದ ಶಿಷ್ಯನಿಗೆ ಮಾತ್ರ ಹೇಳುವ ರಹಸ್ಯಾರ್ಥಗಳು ವಾದದ ಬಿಸಿಯಲ್ಲಿ ತಾವಾಗಿಯೇ ಹೊರಬೀಳುತ್ತವೆಂದು ಚರಕಸಂಹಿತೆಯೇ ಹೇಳುತ್ತದೆ. ಜಲ್ಪವಿತಂಡೆಗಳೂ, ಮೊಳಕೆಯನ್ನು ಕಾಪಾಡುವ ಮುಳ್ಳುಕೊಂಬೆಗಳಂತೆ, ತತ್ತ್ವನಿಶ್ಚಯವನ್ನು ಕಾಯುತ್ತವೆಂದು ನ್ಯಾಯಸೂತ್ರವೂ ಒಪ್ಪುತ್ತದೆ. ಆಕ್ಷೇಪವು ಬಲವಾದುದೇ. ಆದರೆ ಅದಕ್ಕೆ ಸಮಾಧಾನವು ಆ ದೃಷ್ಟಾಂತದಲ್ಲಿಯೇ ಇದೆ. ಮುಳ್ಳುಬೇಲಿಯನ್ನು ಹಾಕುವುದು ತೋಟದ ಸುತ್ತಲೂ, ಪಾತಿಯೊಳಗೆ ಅಲ್ಲ. ಹೊರಗಣ ಆಕ್ರಮಣದಿಂದ ವಿದ್ಯೆಯನ್ನು ರಕ್ಷಿಸುವುದಕ್ಕೆ ವಿಗ್ರಹವು ಬೇಕಾದೀತು. ಒಂದೇ ಪಾತಿಗೆ ನೀರು ಹಾಯಿಸುವ ಇಬ್ಬರ ನಡುವೆ ಮುಳ್ಳನ್ನು ಹರಡಿದರೆ ಒಣಗುವುದು ಸಸಿಯೇ.

೪

ವಿದಿಶೆಯ ಅರಮನೆಯಿಂದ ತುಮಕೂರು ಸೀಮೆಗೆ ಬಂದರೆ ಇದೇ ವಿಷಯವನ್ನು ಕುರಿತ ಐತಿಹ್ಯವೊಂದು ಇಲ್ಲಿಯೂ ಕೇಳಬರುತ್ತದೆ. ಗೂಳೂರಿನ ಬಳಿಯ ಕೈದಾಳದ ಚೆನ್ನಕೇಶವ ದೇವಾಲಯವನ್ನು ಕುರಿತು ಜನರು ಹೇಳುವ ಜಕಣಾಚಾರಿಯ ಕಥೆಯನ್ನು ಅರಿಯದವರಿಲ್ಲ. ಬೇಲೂರಿನ ವಿಗ್ರಹದಲ್ಲಿ ದೋಷವಿದೆಯೆಂದು ಅಪರಿಚಿತ ತರುಣನೊಬ್ಬನು ಹೇಳಿದನು. ದೋಷವು ನಿಜವಾದರೆ ಬಲಗೈಯನ್ನು ಕತ್ತರಿಸಿಕೊಳ್ಳುವೆನೆಂದು ಜಕಣನು ಶಪಥ ಮಾಡಿದನು. ಗಂಧವನ್ನು ಬಳಿದಾಗ ಒಂದೆಡೆ ಮಾತ್ರ ಒಣಗಲಿಲ್ಲ. ಅಲ್ಲಿ ಒಡೆದು ನೋಡಿದರೆ ಕಲ್ಲಿನೊಳಗೆ ಕಪ್ಪೆಯಿತ್ತು. ಜಕಣನು ಕೈಯನ್ನು ಕಳೆದುಕೊಂಡನು. ಆ ತರುಣನು ತನ್ನ ಮಗನಾದ ಡಂಕಣನೆಂದು ಆಮೇಲೆ ತಿಳಿಯಿತು. ಹುಟ್ಟೂರಿನಲ್ಲಿ ಕೇಶವಾಲಯವನ್ನು ಕಟ್ಟಿದ ಬಳಿಕ ಕೈಯು ಮರಳಿ ಬಂದಿತು. ಊರಿಗೆ ಕೈದಾಳವೆಂಬ ಹೆಸರಾಯಿತು.

ಇದು ಚರಿತ್ರೆಯಲ್ಲ, ಐತಿಹ್ಯ. ಆದರೂ ಜನಮನಸ್ಸು ಒಂದು ಸತ್ಯವನ್ನು ಇದರಲ್ಲಿ ಕಾಯ್ದಿರಿಸಿದೆ. ಡಂಕಣನು ತೋರಿಸಿದುದು ಶಿಲೆಯ ದೋಷವನ್ನು. ಶಿಲ್ಪಿಯ ಉಳಿಯಲ್ಲಿ ಕುಂದಿರಲಿಲ್ಲ. ಜಕಣನು ಅದನ್ನು ತನ್ನ ಕೈಯ ದೋಷವೆಂದು ಎಣಿಸಿದನು. ಕೆಲಸದಲ್ಲಿ ಕಂಡ ಕುಂದನ್ನು ಕೆಲಸಗಾರನ ಕುಂದೆಂದು ಬಗೆದ ಕ್ಷಣದಲ್ಲಿಯೇ ಕೈ ಹೋಯಿತು. ಎಲ್ಲಿ ದೋಷವನ್ನು ಒಪ್ಪಿಕೊಂಡರೆ ಕೈಯನ್ನೇ ತೆರಬೇಕಾಗುವುದೋ ಅಲ್ಲಿ ಯಾವ ಶಿಲ್ಪಿಯೂ ತನ್ನ ವಿಗ್ರಹಕ್ಕೆ ಗಂಧವನ್ನು ಬಳಿಯಗೊಡುವುದಿಲ್ಲ. ಕಪ್ಪೆಯು ಕಲ್ಲಿನೊಳಗೇ ಉಳಿಯುತ್ತದೆ.

ಐತಿಹ್ಯದ ಪಕ್ಕದಲ್ಲಿ ಶಾಸನವನ್ನಿಟ್ಟು ನೋಡಿದರೆ ಬೇರೆಯೇ ಚಿತ್ರವು ದೊರೆಯುತ್ತದೆ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರು ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಅವರಲ್ಲಿ ಪ್ರಸಿದ್ಧರು. ತಂದೆಯ ಕೃತಿಗೆ ತಂದೆಯ ಹೆಸರು, ಮಗನ ಕೃತಿಗೆ ಮಗನ ಹೆಸರು. ಎರಡೂ ಒಂದೇ ಗುಡಿಯಲ್ಲಿವೆ. ಹೆಸರನ್ನು ಮರೆಮಾಡದೆ ಕೂಡಿ ದುಡಿಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ.

ಕೂಡಿ ಆಡುವ ಮಾತೆಂದರೆ ಮೆತ್ತಗಿನ ಮಾತು, ಒಬ್ಬರನ್ನೊಬ್ಬರು ಹೊಗಳಿ ಎದ್ದುಹೋಗುವುದು ಎಂದು ಯಾರಾದರೂ ಭಾವಿಸಿದರೆ ಅವರು ಶೂನ್ಯಸಂಪಾದನೆಯನ್ನು ನೋಡಬೇಕು. ಕಲ್ಯಾಣದ ಅನುಭವಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುವು ಕೇಳುವ ಪ್ರಶ್ನೆಗಳಷ್ಟು ನಿಷ್ಠುರವಾದವು ಕನ್ನಡ ವಾಙ್ಮಯದಲ್ಲಿ ಹೆಚ್ಚಿಲ್ಲ. ಆದರೆ ಆ ನಿಷ್ಠುರತೆಯು ಅವಳನ್ನು ಕೀಳ್ಗಳೆಯುವುದಕ್ಕಲ್ಲ. ಅವಳ ಅರಿವು ಸಭೆಗೆಲ್ಲ ಬೆಳಕಾಗಲೆಂದು. ಆ ಗ್ರಂಥವಾದರೂ ಒಬ್ಬರ ಕೈಯಿಂದ ಒಮ್ಮೆಗೇ ಆದುದಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಪಾದಿಸಿದುದನ್ನು ಮುಂದಿನವರು ತಿದ್ದಿ ಹಿಗ್ಗಿಸಿದರು. ಕೈದಾಳಕ್ಕೆ ನೆರೆಯದಾದ ಗೂಳೂರಿನ ಹೆಸರನ್ನೇ ಹೊತ್ತ ಸಿದ್ಧವೀರಣ್ಣೊಡೆಯನ ಪರಿಷ್ಕಾರವು ನಾಲ್ಕನೆಯದು. ಒಬ್ಬನು ಬಿಟ್ಟುದನ್ನು ಮತ್ತೊಬ್ಬನು ಕೂಡಿಸಿದನು. ಕೈಯನ್ನು ಮಾತ್ರ ಯಾರೂ ಕಳೆದುಕೊಳ್ಳಲಿಲ್ಲ.

೫

ಇನ್ನು ಇಂದಿನ ಶಾಲೆಗಳ ಮಾತು. ಉಪಾಧ್ಯಾಯರು ಕೂಡಬೇಕೆಂಬ ವಿಚಾರವು ಹೊಸದಲ್ಲ. ಕೊಠಾರಿ ಆಯೋಗವು (೧೯೬೪–೬೬) ಒಂದು ಪ್ರೌಢಶಾಲೆಯನ್ನೂ ಅದರ ಸುತ್ತಣ ಪ್ರಾಥಮಿಕ ಶಾಲೆಗಳನ್ನೂ ಸೇರಿಸಿ ಶಾಲಾಸಂಕುಲಗಳನ್ನು ರಚಿಸಬೇಕೆಂದು ಸೂಚಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಅದನ್ನೇ ಮತ್ತೆ ಹೇಳಿತು. ಈ ನಡುವೆ ಕರ್ನಾಟಕದಲ್ಲಿ ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳೂ ಅವುಗಳ ಸಮಾಲೋಚನಾ ಸಭೆಗಳೂ ಬಳಕೆಗೆ ಬಂದವು. ಏರ್ಪಾಡಿನಲ್ಲಿ ಕೊರತೆಯಿಲ್ಲ. ಸಭೆಯಲ್ಲಿ ಯಾವುದರ ಮೇಲೆ ಮಾತು ನಡೆಯಬೇಕೆಂಬುದೇ ಉಳಿದ ಪ್ರಶ್ನೆ. ಸುತ್ತೋಲೆಗಳನ್ನು ಓದಿ, ಅಂಕಿಅಂಶಗಳನ್ನು ಒಪ್ಪಿಸಿ ಎದ್ದರೆ ಅದು ಸಂಭಾಷೆಯೇ ಅಲ್ಲ. ಯಾವ ಶಾಲೆಯ ಫಲಿತಾಂಶವು ಮೇಲು, ಯಾವುದು ಕೀಳು ಎಂದು ಪಟ್ಟಿಯನ್ನು ಓದಿದರೆ ಅದು ಗಣದಾಸ ಹರದತ್ತರ ಕಾಳಗವಾಗುತ್ತದೆ.

ಹಾಗಾದರೆ ಮಾತಿನ ನಡುವೆ ಏನಿರಬೇಕು? ಮಗುವಿನ ಪುಸ್ತಕವಿರಬೇಕು. ಐವತ್ತೆರಡರಲ್ಲಿ ಇಪ್ಪತ್ತೇಳನ್ನು ಕಳೆ ಎಂದರೆ ಮೂವತ್ತೈದೆಂದು ಬರೆಯುವ ಮಗುವು ಎಲ್ಲ ಶಾಲೆಗಳಲ್ಲಿಯೂ ಇರುತ್ತದೆ. ಅದನ್ನು ತಪ್ಪೆಂದು ಗೀಟೆಳೆದರೆ ಕೆಲಸವು ಮುಗಿಯುತ್ತದೆ. ಮಗುವು ಮಾತ್ರ ಇದ್ದಲ್ಲಿಯೇ ಇರುತ್ತದೆ. ಐದು ಶಾಲೆಗಳ ಉಪಾಧ್ಯಾಯರು ಇಂತಹ ಐದೈದು ಪುಸ್ತಕಗಳನ್ನು ತಂದು ಮುಂದಿಟ್ಟುಕೊಂಡರೆ ಆ ಮಗುವು ಅಲಕ್ಷ್ಯದಿಂದ ತಪ್ಪಲಿಲ್ಲವೆಂದೂ, ದೊಡ್ಡ ಅಂಕೆಯಿಂದ ಚಿಕ್ಕ ಅಂಕೆಯನ್ನು ಕಳೆಯಬೇಕೆಂಬ ನಿಯಮವನ್ನು ಸ್ಥಾನವೆಣಿಸದೆ ನಿಷ್ಠೆಯಿಂದ ಪಾಲಿಸಿತೆಂದೂ ಗೊತ್ತಾಗುತ್ತದೆ. ದಶಕವನ್ನು ಬಿಡಿಸಿ ಬಿಡಿಗಳಾಗಿ ತೋರಿಸಲು ಒಬ್ಬರು ಹುಣಸೆಬೀಜವನ್ನು ಬಳಸಿದ್ದಾರು, ಮತ್ತೊಬ್ಬರು ಕಡ್ಡಿಯ ಕಟ್ಟನ್ನು ಬಳಸಿದ್ದಾರು. ಯಾವುದರಿಂದ ಮಗುವಿಗೆ ತಿಳಿಯಿತೆಂಬುದು ಮುಂದಿನ ಸಭೆಗೆ ತರುವ ಪುಸ್ತಕಗಳಲ್ಲಿಯೇ ಕಾಣುತ್ತದೆ. ಕನ್ನಡದಲ್ಲಿಯೂ ಹೀಗೆಯೇ. ಭಾಷೆಯೆಂಬುದನ್ನು ಬಾಷೆಯೆಂದು ಬರೆಯುವ ಮಗುವಿನ ತಪ್ಪು ಕಿವಿಯದು, ಏಕೆಂದರೆ ಮನೆಯ ಮಾತಿನಲ್ಲಿ ಮಹಾಪ್ರಾಣವು ಕೇಳಿಸುವುದಿಲ್ಲ. ಒತ್ತಕ್ಷರವನ್ನು ಅದಲುಬದಲು ಮಾಡುವ ಮಗುವಿನ ತಪ್ಪು ಕಣ್ಣಿನದು. ಎರಡಕ್ಕೂ ಒಂದೇ ಔಷಧಿಯನ್ನು, ಅಂದರೆ ಹತ್ತು ಸಲ ಬರೆಯುವ ಶಿಕ್ಷೆಯನ್ನು, ಕೊಡುವುದು ಚಿಕಿತ್ಸೆಯಲ್ಲ. ನಿದಾನವಿಲ್ಲದೆ ಚಿಕಿತ್ಸೆಯಿಲ್ಲ, ನಿದಾನಕ್ಕೆ ಎರಡನೆಯ ವೈದ್ಯನ ಕಣ್ಣು ಬೇಕಾಗುತ್ತದೆ. ಜಪಾನಿನಲ್ಲಿ ಮೇಯಿಜಿ ಕಾಲದಿಂದ ಬೆಳೆದುಬಂದ ಪಾಠಾಧ್ಯಯನದ ಪದ್ಧತಿಯ ಮರ್ಮವೂ ಇದೇ. ಕೆಲವರು ಕೂಡಿ ಪಾಠವೊಂದನ್ನು ಸಿದ್ಧಪಡಿಸುತ್ತಾರೆ. ಒಬ್ಬರು ಬೋಧಿಸುವಾಗ ಉಳಿದವರು ಮಕ್ಕಳನ್ನು ನೋಡುತ್ತಾರೆ. ಪಾಠವು ಎಲ್ಲರದೂ ಆದುದರಿಂದ ಅದರಲ್ಲಿ ಕಂಡ ದೋಷಕ್ಕಾಗಿ ಒಬ್ಬನ ಕೈ ಹೋಗುವುದಿಲ್ಲ.

ಕನ್ನಡ ನಾಡಿನಲ್ಲಿಯೇ ಇದಕ್ಕೆ ದೃಷ್ಟಾಂತವಿದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ, ಯುನಿಸೆಫ್ ಸಂಸ್ಥೆಯ ನೆರವಿನಿಂದ, ನಲಿಕಲಿ ಪದ್ಧತಿಯು ಆರಂಭವಾಯಿತು. ಋಷಿವ್ಯಾಲಿಯ ಶಾಲೆಗಳಲ್ಲಿ ನಡೆಯುತ್ತಿದ್ದುದನ್ನು ಕಂಡುಬಂದ ಉಪಾಧ್ಯಾಯರು ಪಾಠಗಳನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳನ್ನು ತಾವೇ ಕೂಡಿ ರಚಿಸಿದರು. ೨೦೦೯–೧೦ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ವಿಸ್ತಾರದಿಂದ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೊದಲಿನವರಿಗೆ ಕಾರ್ಡು ಸಂಭಾಷೆಯ ಫಲವಾಗಿ ಬಂದಿತು. ಆಮೇಲಿನವರಿಗೆ ಸಿದ್ಧವಸ್ತುವಾಗಿ ಬಂದಿತು. ಫಲವನ್ನು ಹಂಚಬಹುದು, ಅದನ್ನು ಬೆಳೆದ ಶ್ರಮದಿಂದ ಬರುವ ಅರಿವನ್ನು ಹಂಚಲಾಗದು. ಆದುದರಿಂದ ಪ್ರತಿಯೊಂದು ಹೋಬಳಿಯಲ್ಲಿಯೂ ಸಂಭಾಷೆಯನ್ನು ಹೊಸದಾಗಿಯೇ ನಡೆಸಬೇಕಾಗುತ್ತದೆ.

೬

ನಾಟಕದಲ್ಲಿ ರಾಣಿ ಧಾರಿಣಿಯು ಒಂದು ಪ್ರಶ್ನೆಯನ್ನು ಕೇಳುತ್ತಾಳೆ: ಮಂದಬುದ್ಧಿಯಾದ ಶಿಷ್ಯೆಯು ಉಪದೇಶವನ್ನು ಕೆಡಿಸಿದರೆ ಅದು ಆಚಾರ್ಯನ ದೋಷವೇ? ಅಯೋಗ್ಯಪಾತ್ರವನ್ನು ಆರಿಸಿಕೊಂಡುದೇ ಗುರುವಿನ ಬುದ್ಧಿಲಾಘವವೆಂದು ಸಭೆಯಲ್ಲಿ ಉತ್ತರವು ಬರುತ್ತದೆ. ಅರಮನೆಯ ಆಚಾರ್ಯನಿಗೆ ಈ ಉತ್ತರವು ಸಾಕಾದೀತು. ಆತನು ಶಿಷ್ಯರನ್ನು ಆರಿಸಬಲ್ಲನು. ಹೋಬಳಿ ಶಾಲೆಯ ಉಪಾಧ್ಯಾಯನಿಗೆ ಆ ಅಧಿಕಾರವಿಲ್ಲ, ಇರಲೂ ಕೂಡದು. ೨೦೦೯ರ ಶಿಕ್ಷಣಹಕ್ಕಿನ ಕಾಯಿದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಯಾವ ಮಗು ಬಂದರೂ ಬಾಗಿಲು ತೆರೆದಿರಬೇಕು. ಪಾತ್ರವನ್ನು ಆರಿಸುವಂತಿಲ್ಲದವನು ಬೋಧನೆಯನ್ನೇ ಪಾತ್ರಕ್ಕೆ ತಕ್ಕಂತೆ ಆರಿಸಬೇಕಾಗುತ್ತದೆ. ಆರಿಸುವುದಕ್ಕೆ ಹಲವು ಉಪಾಯಗಳು ಗೊತ್ತಿರಬೇಕಾಗುತ್ತದೆ. ಒಬ್ಬನಿಗೇ ಅಷ್ಟು ಉಪಾಯಗಳು ತೋರುವುದಿಲ್ಲ. ಸಹೋದ್ಯೋಗಿಯ ಸಹಾಯವು ಗಣದಾಸನಿಗೆ ಸೌಜನ್ಯದ ವಿಷಯವಾಗಿದ್ದಿರಬಹುದು, ಸಿ.ಎಸ್. ಪುರದ ಉಪಾಧ್ಯಾಯನಿಗೆ ಅದು ಅವಶ್ಯಕತೆಯ ವಿಷಯ.

ಇದನ್ನು ಸಾಧಿಸುವ ಭಾರವು ಉಪಾಧ್ಯಾಯರ ಮೇಲೆ ಮಾತ್ರ ಇಲ್ಲ. ಸಭೆಯಲ್ಲಿ ಒಪ್ಪಿಕೊಂಡ ಕುಂದು ಮೇಲಧಿಕಾರಿಯ ವರದಿಯಲ್ಲಿ ಅಪರಾಧವಾಗಿ ತಿರುಗಿದರೆ ಮರುತಿಂಗಳು ಯಾರೂ ಪುಸ್ತಕವನ್ನು ತರುವುದಿಲ್ಲ. ಮೇಲ್ವಿಚಾರಕನು ತೀರ್ಪುಗಾರನಾಗಿ ಕೂರದೆ ಸಂಭಾಷೆಯಲ್ಲಿ ಒಬ್ಬನಾಗಿ ಕೂರಬೇಕು. ಸರ್ವಜ್ಞನಾದರೂ ಒಬ್ಬನೇ ನಿರ್ಣಯಿಸಬಾರದೆಂಬ ಪರಿವ್ರಾಜಿಕೆಯ ಮಾತು ಅವನಿಗೂ ಅನ್ವಯಿಸುತ್ತದೆ.

ದ್ವಿತೀಯಾಂಕದಲ್ಲಿ ಮಾಳವಿಕೆಯ ಪ್ರಯೋಗವು ಮುಗಿಯುತ್ತದೆ. ಗಣದಾಸನಿಗೆ ಪ್ರಶಂಸೆ ದೊರೆಯುತ್ತದೆ. ತನ್ನ ಸರದಿ ಬಂದಿತೆಂದು ಹರದತ್ತನು ಎದ್ದು ನಿಲ್ಲುತ್ತಾನೆ. ಅಷ್ಟರಲ್ಲಿ ವೈತಾಳಿಕನು ಮಧ್ಯಾಹ್ನವಾಯಿತೆಂದು ಸಾರುತ್ತಾನೆ, ಸಭೆಯು ಏಳುತ್ತದೆ. ಹರದತ್ತನ ಶಿಷ್ಯರ ಪ್ರಯೋಗವನ್ನು ನಾಟಕದಲ್ಲಿ ಯಾರೂ ನೋಡುವುದಿಲ್ಲ. ಅವರ ಹೆಸರು ಸಹ ತಿಳಿಯದು. ಅವರು ಎಷ್ಟು ಕಲಿತಿದ್ದರೆಂದು ಯಾರೂ ಕೇಳುವುದಿಲ್ಲ. ಆಚಾರ್ಯರ ಕಲಹದಲ್ಲಿ ನಿಜವಾಗಿ ನಷ್ಟವಾದುದು ಅವರಿಗೆ. ಸ್ಥಾನದ ಮಾತಿನಲ್ಲಿಯೇ ಹೊತ್ತು ಕಳೆದು ಮಧ್ಯಾಹ್ನದ ಗಂಟೆ ಬಾರಿಸಿದಾಗ ಎದ್ದುಹೋಗುವ ಪ್ರತಿಯೊಂದು ಸಮಾಲೋಚನೆಯಲ್ಲಿಯೂ ಅಂತಹ ಮಕ್ಕಳು ಕಾಣದೆಯೇ ಉಳಿಯುತ್ತಾರೆ. ಅವರ ಪುಸ್ತಕಗಳನ್ನು ಮೊದಲು ತೆರೆದರೆ ಗುರುಗಳಲ್ಲಿ ಅಗ್ರಗಣ್ಯನು ಯಾರೆಂಬ ಪ್ರಶ್ನೆಗೆ ಎಡೆಯೇ ಉಳಿಯುವುದಿಲ್ಲ.